ಕರಿನೀರಿಗೆ ಕಂತಿನ ಟಿಕೆಟ್ಟು

ನವೆಂಬರಿನ ಒಂದು ಬೆಳಿಗ್ಗೆ ಹಾಲು ತರಲು ಹೋಗಿ ಬಂದ ನಮ್ಮ ಮನೆಯವರು, ಮಂಕಿ ಕ್ಯಾಪಿನೊಳಗಿಂದ ಕಣ್ಣು ಮೂಗು ಮಾತ್ರ ತೋರಿಸುತ್ತ, "ಈ ಚಳೀಲಿ ಮನುಷ್ಯರು ಬದುಕೋಕಾಗಲ್ಲ ಕಣೇ" ಎಂದರು. ಹದಿನೇಳು ಡಿಗ್ರಿ ಇತ್ತು. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆ ಬೆಳಿಗ್ಗೆ ಹಾಲು ತರಲು ಹೋದವರ ಗತಿ ಏನಾಯಿತೋ ಗೊತ್ತಿಲ್ಲ. ನಮ್ಮವರಂತೂ ಹತ್ತು ಗಂಟೆಗೆ ಮಂಕಿ ಕ್ಯಾಪು ತೆಗೆದರು, ಹನ್ನೊಂದಕ್ಕೆ ಫ್ಯಾನು ಹಾಕಿದರು, ಮಧ್ಯಾಹ್ನ ಊಟವಾದ ಮೇಲೆ "ಚಳಿಗಾಲ ಕಳೆಯೋಕೆ ಎಲ್ಲಾದ್ರೂ ಬೆಚ್ಚಗಿರೋ ದ್ವೀಪಕ್ಕೆ ಹೋಗೋಣ" ಎಂದು ಘೋಷಿಸಿ ಮಲಗಿಬಿಟ್ಟರು.

ನಮ್ಮ ಮನೆಯಲ್ಲಿ ಘೋಷಣೆ ಗಂಡಸರದು, ಅನುಷ್ಠಾನ ನನ್ನದು.

ಚಳಿಗಾಲಕ್ಕೆ ದ್ವೀಪ ಅನ್ನುವುದು ಮೂಲತಃ ಹಿಮ ಬೀಳುವ ದೇಶದವರ ಆಸೆ. ಬಾಗಿಲು ತೆರೆದರೆ ಮೊಣಕಾಲುದ್ದ ಹಿಮ, ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು, ಸೂರ್ಯ ಕಂಡು ಹದಿನೈದು ದಿನ. ಅಂಥವರಿಗೆ ಬಿಸಿಲಿನ ದ್ವೀಪ ಔಷಧಿ ಇದ್ದ ಹಾಗೆ. ನಮಗೆ ಅದು ಸ್ಟೇಟಸ್ಸು, ವಾಟ್ಸ್ಆ್ಯಪ್‌ನದೂ ಹೌದು, ಬೀಗರ ಮನೆಯದೂ ಹೌದು. ಇಪ್ಪತ್ತೇಳು ಡಿಗ್ರಿಯ ಊರಿನಿಂದ ಇಪ್ಪತ್ತೊಂಬತ್ತು ಡಿಗ್ರಿಯ ಊರಿಗೆ, ಎರಡು ಡಿಗ್ರಿಗೆ ಎರಡೂವರೆ ಲಕ್ಷ ಕೊಟ್ಟು ಹೋಗುವ ಮಂದಿ ನಾವು.

ಯಾವ ದ್ವೀಪ ಎಂಬುದನ್ನು ತೀರ್ಮಾನಿಸಿದ್ದು ಕೇಂದ್ರ ಸರ್ಕಾರ. ನಮ್ಮ ಮೈದುನ ಕೇಂದ್ರ ಸರ್ಕಾರಿ ನೌಕರ. ಅವನಿಗೆ ನಾಲ್ಕು ವರ್ಷದ ಬ್ಲಾಕಿನಲ್ಲಿ ಸ್ವಂತ ಊರಿಗೆ ಹೋಗಿ ಬರಲು ಎಲ್‌ಟಿಸಿ ಸಿಗುತ್ತದೆ. ಬೇಕಿದ್ದರೆ ಆ ಸ್ವಂತ ಊರಿನ ಒಂದು ಎಲ್‌ಟಿಸಿಯನ್ನು ಅಂಡಮಾನಿನ ವಿಮಾನ ಟಿಕೆಟ್ಟಾಗಿ ಪರಿವರ್ತಿಸಿಕೊಳ್ಳುವ ಸವಲತ್ತೂ ಇದೆ. ಅವನ ಸ್ವಂತ ಊರು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಬೆಂಗಳೂರಿನಿಂದ ರೈಲಿಗೆ ಮೂರು ಗಂಟೆಯೂ ಬೇಡ. ಅವನು ಅಲ್ಲಿಗೆ ಕೊನೆಯ ಸಲ ಹೋಗಿದ್ದು ಪಾಲುಪತ್ರಕ್ಕೆ ಸಹಿ ಹಾಕಲು. ಈಗ ಆ ಹಳ್ಳಿಯನ್ನು ಒಂದು ಸುತ್ತೋಲೆಯ ಬಲದಿಂದ ಎತ್ತಿ ಬಂಗಾಳ ಕೊಲ್ಲಿಯ ನಡುವೆ ಇಟ್ಟಿದ್ದಾನೆ. ಹನುಮಂತ ಪರ್ವತ ಎತ್ತಿದ್ದು ನೆನಪಾಯಿತು, ಆದರೆ ಅವನು ಅದಕ್ಕೆ ಬಿಲ್ಲು ಕೊಟ್ಟಿರಲಿಲ್ಲ.

ಅವನ ಮನೆಯ ನಾಲ್ಕು ಟಿಕೆಟ್ಟು ಸರ್ಕಾರದ್ದು. ನಮ್ಮ ಮನೆಯ ಆರು ಟಿಕೆಟ್ಟು ಕ್ರೆಡಿಟ್ ಕಾರ್ಡಿನದು, ಒಂಬತ್ತು ಕಂತು. ಅತ್ತೆ ಮಾವನವರನ್ನು ಅವನ ಲೆಕ್ಕಕ್ಕೆ ಸೇರಿಸಬಹುದಲ್ಲ ಎಂದು ನಾನು ಮೆಲ್ಲಗೆ ಕೇಳಿದೆ. "ಅತ್ತಿಗೆ, ಅಪ್ಪನ ಪಿಂಚಣಿ ಲಿಮಿಟ್ಟಿಗಿಂತ ಜಾಸ್ತಿ ಇದೆ, ಅವರು ನನಗೆ ಅವಲಂಬಿತರಲ್ಲ" ಅಂದ. ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾದ ಮಾವನವರು ಪೇಪರಿನಿಂದ ತಲೆಯೆತ್ತಿ, "ಹೌದಪ್ಪ, ನೀನು ನನ್ನ ಮೇಲೆ ಅವಲಂಬಿತ ಆಗಿದ್ದಿದ್ದು" ಎಂದು ಮತ್ತೆ ಪೇಪರಿಗಿಳಿದರು.

ಹಿಂದಿನ ಕಾಲವೇ ವಾಸಿ. ಕರಿನೀರಿಗೆ ಹೋಗಬೇಕಾದರೆ ಸರ್ಕಾರದ ವಿರುದ್ಧ ದಂಗೆ ಎದ್ದರೆ ಸಾಕಿತ್ತು. 1858ರಲ್ಲಿ ಕೈದಿಗಳ ಮೊದಲ ಹಡಗು ಹೋದಾಗಿನಿಂದ ಪ್ರಯಾಣದ ವೆಚ್ಚ, ವಸತಿ, ಊಟ ಎಲ್ಲ ಸರ್ಕಾರದ್ದೇ. ಚೆಕ್-ಔಟ್ ಎಷ್ಟು ಗಂಟೆಗೆ ಎಂಬ ತಕರಾರು ಕೂಡ ಇರಲಿಲ್ಲ. ನಾವೋ ಯಾವ ದಂಗೆಯನ್ನೂ ಏಳದೆ, ಎಲ್ಲ ತೆರಿಗೆ ಕಟ್ಟಿ, ಅದರ ಮೇಲೆ ಜಿಎಸ್‌ಟಿಯನ್ನೂ ಕಟ್ಟಿ ಗಡಿಪಾರಾಗುತ್ತಿದ್ದೇವೆ.

ತಾರೀಖು ಗೊತ್ತು ಮಾಡುವುದು ಮದುವೆ ಮುಹೂರ್ತಕ್ಕಿಂತ ಕಷ್ಟವಾಯಿತು. ಓರಗಿತ್ತಿಯ ಮಕ್ಕಳಿಗೆ ಕ್ರಿಸ್‌ಮಸ್ ರಜೆ ಉಂಟು. ನನ್ನ ಮಕ್ಕಳದು ಸ್ಟೇಟ್ ಸಿಲಬಸ್ಸು, ಅವರ ರಜೆ ದಸರಾಕ್ಕೇ ಖರ್ಚಾಗಿತ್ತು. ಹಾಗಾಗಿ ಡಿಸೆಂಬರ್ 23ರಿಂದ 28ರವರೆಗೆ ಇಬ್ಬರಿಗೂ ವೈರಲ್ ಜ್ವರ ಎಂದು ಒಂದು ತಿಂಗಳ ಮೊದಲೇ ಗೊತ್ತು ಮಾಡಿದೆವು. ಅತ್ತೆಯವರ ಆಕ್ಷೇಪ ಧಾರ್ಮಿಕ ಸ್ವರೂಪದ್ದು: ಧನುರ್ಮಾಸ ನಡೆಯುತ್ತಿರುತ್ತದೆ, ಬೆಳಗಿನ ಜಾವದ ಪೂಜೆ, ಹುಗ್ಗಿ ನೈವೇದ್ಯ ಬಿಟ್ಟು ಹೇಗೆ ಬರಲಿ? ಸ್ವಲ್ಪ ಕೆದಕಿದ ಮೇಲೆ ನಿಜವಾದ ಧರ್ಮಸಂಕಟ ಹೊರಬಿತ್ತು. ಅವರೆಕಾಯಿ. ಸೊಗಡಿನ ಅವರೆ ಗಾಂಧಿ ಬಜಾರಿಗೆ ಬರುವ ವಾರದಲ್ಲಿ ಸಮುದ್ರ ದಾಟುವವರು ಬುದ್ಧಿ ನೆಟ್ಟಗಿರುವವರಲ್ಲ ಎಂಬುದು ಅವರ ಸಿದ್ಧಾಂತ. ನಿಜ ಹೇಳಬೇಕೆಂದರೆ ನನ್ನದೂ ಅದೇ. ಆದರೆ ಸೊಸೆಯಾದವಳು ಅತ್ತೆಯ ಮಾತನ್ನು ಬಹಿರಂಗವಾಗಿ ಅನುಮೋದಿಸುವ ಪರಿಪಾಠ ನಮ್ಮಲ್ಲಿಲ್ಲ. ಕೊನೆಗೆ ಹಿತಕಿದಬೇಳೆಯನ್ನು ಹುರಿದು, ಖಾರ ಹಾಕಿ, ಎರಡು ಕೇಜಿ ಡಬ್ಬಿಗೆ ತುಂಬಿ ಒಯ್ಯುವ ಷರತ್ತಿನ ಮೇಲೆ ಅವರು ಒಪ್ಪಿದರು.

ಟ್ರಾವಲ್ಸಿನವನ ಹೆಸರು ಬೇಡ. ಫೋನಿನಲ್ಲಿ ಬಲು ವಿನಯವಂತ. "ಮೇಡಂ, ಒಟ್ಟು ಕಪಲ್ಸ್ ಎಷ್ಟು?" ಎಂದ. ಮೂರು ಎಂದೆ. "ಹಾಗಿದ್ರೆ ಫ್ಯಾಮಿಲಿ ಪ್ಯಾಕೇಜು ಬೇಡ, ಮೂರು ಹನಿಮೂನ್ ಪ್ಯಾಕೇಜ್ ತಗೊಳ್ಳಿ, ಆಫರ್ ಇದೆ, ಮಕ್ಕಳಿಗೆ ಎಕ್ಸ್‌ಟ್ರಾ ಬೆಡ್ ಹಾಕಿಸ್ತೀನಿ" ಎಂದ. ಲೆಕ್ಕ ಹಾಕಿದರೆ ಹದಿನಾಲ್ಕು ಸಾವಿರ ಉಳಿಯುತ್ತಿತ್ತು. ಒಪ್ಪಿಕೊಂಡೆ. ಆಮೇಲೆ ಕಳಿಸಿದ ಪಟ್ಟಿ ನೋಡಿದರೆ ಪ್ರತಿ ಜೋಡಿಗೂ ಒಂದು ಕೇಕು, ಮೇಣದಬತ್ತಿಯ ಬೆಳಕಿನಲ್ಲಿ ಕಡಲತೀರದ ಊಟ, ಹಾಸಿಗೆ ಮೇಲೆ ಗುಲಾಬಿ ಪಕಳೆಯಲ್ಲಿ ಬರೆದ ಹೃದಯ. ಮಾವನವರಿಗೆ ಎಪ್ಪತ್ತೆಂಟು, ಅತ್ತೆಗೆ ಎಪ್ಪತ್ತೆರಡು. "ಕೇಕಿಗೆ ಮೊಟ್ಟೆ ಹಾಕಿರ್ತಾರೇನೋ ವಿಚಾರಿಸು" ಎಂದರು ಅತ್ತೆ. ಉಳಿದ ಎರಡಕ್ಕೆ ಅವರ ಆಕ್ಷೇಪವೇನೂ ಇದ್ದಂತೆ ಕಾಣಲಿಲ್ಲ.

ಹೆಸರುಗಳ ಗೊಂದಲ ಬೇರೆ. ಟ್ರಾವಲ್ಸಿನವನ ಬಾಯಲ್ಲಿ ಹ್ಯಾವ್‌ಲಾಕ್, ಅವನು ಕಳಿಸಿದ ಕಾಗದದಲ್ಲಿ ಸ್ವರಾಜ್ ದ್ವೀಪ. ಬಾಯಲ್ಲಿ ನೀಲ್, ಕಾಗದದಲ್ಲಿ ಶಹೀದ್ ದ್ವೀಪ. 2018ರ ಡಿಸೆಂಬರಿನಲ್ಲಿ ಅವಕ್ಕೂ ರಾಸ್ ದ್ವೀಪಕ್ಕೂ ಮರುನಾಮಕರಣ ಆಯಿತು. 2024ರ ಸೆಪ್ಟೆಂಬರಿನಲ್ಲಿ ಪೋರ್ಟ್ ಬ್ಲೇರೇ ಶ್ರೀ ವಿಜಯ ಪುರಂ ಆಯಿತು. 1857ರಲ್ಲಿ ನಮ್ಮವರನ್ನು ಸದೆಬಡಿದ ದಂಡನಾಯಕ ಹೆನ್ರಿ ಹ್ಯಾವ್‌ಲಾಕ್‌ನ ಹೆಸರು ಹೋಗಿದ್ದಕ್ಕೆ ನನಗೇನೂ ಬೇಸರವಿಲ್ಲ. ಆದರೆ ಎರಡು ಹೆಸರನ್ನೂ ಕೇಳಿದ ಅತ್ತೆ, "ದುಡ್ಡು ಕೊಟ್ಟ ಮೇಲೆ ಹ್ಯಾವ್‌ಲಾಕೂ ತೋರಿಸಲಿ, ಸ್ವರಾಜ್ ದ್ವೀಪವೂ ತೋರಿಸಲಿ, ಒಂದನ್ನ ಯಾಕೆ ಬಿಡಬೇಕು?" ಎಂದು ಹಟ ಹಿಡಿದರು. ಟ್ರಾವಲ್ಸಿನವನು ತಕ್ಷಣ ಒಪ್ಪಿದ. ಎರಡನ್ನೂ ಒಂದೇ ದಿನ ತೋರಿಸುತ್ತಾನಂತೆ.

ಹ್ಯಾವ್‌ಲಾಕಿನ ರಾಧಾನಗರ ಬೀಚಿನ ಬಗ್ಗೆ ಅವನು ಹೇಳಿದ್ದು ಸುಳ್ಳಲ್ಲ. 2004ರಲ್ಲಿ ಟೈಮ್ ಪತ್ರಿಕೆ ಅದನ್ನು ಏಷ್ಯಾದ ಅತ್ಯುತ್ತಮ ಕಡಲತೀರ ಎಂದಿತ್ತು, 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆಯೂ ಬಂತು. ಅವನು ಹೇಳದೆ ಬಿಟ್ಟ ವಿಷಯ ಇನ್ನೊಂದಿದೆ. ಆ ವರ್ಷ ದೇಶದ ಎಂಟು ಬೀಚುಗಳಿಗೆ ಒಟ್ಟಿಗೇ ಆ ಬಾವುಟ ಸಿಕ್ಕಿತು. ಅದರಲ್ಲಿ ನಮ್ಮ ಪಡುಬಿದ್ರಿಯೂ ಹೊನ್ನಾವರದ ಕಾಸರಕೋಡೂ ಇದ್ದವು. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅದೇ ಬಾವುಟದ ಕೆಳಗೆ ಇಡ್ಲಿ ತಿನ್ನಬಹುದು. ಸ್ಕೂಬಾ ಬೇಕೆಂದರೆ ಮುರುಡೇಶ್ವರದ ಆಚೆ ನೇತ್ರಾಣಿ, ದ್ವೀಪವೇ ಬೇಕೆಂದರೆ ಮಲ್ಪೆಯಿಂದ ದೋಣಿಗೆ ಸೇಂಟ್ ಮೇರೀಸ್. ಇದನ್ನು ಮನೆಯ ಗುಂಪಿನಲ್ಲಿ ಹಾಕಿ ನೋಡಿದೆ. ಓರಗಿತ್ತಿ ಬರೆದಳು: "ಅಕ್ಕಾ, ಅಂಡಮಾನಿಗೆ ಹೋಗಿದ್ವಿ ಅಂದ್ರೆ 'ವಾವ್' ಅಂತಾರೆ. ಪಡುಬಿದ್ರಿಗೆ ಹೋಗಿದ್ವಿ ಅಂದ್ರೆ 'ಯಾರ ಮದುವೆ?' ಅಂತಾರೆ." ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಬಾರಟಾಂಗ್‌ನ ವಿಷಯಕ್ಕೆ ಬರೋಣ. ಸುಣ್ಣಕಲ್ಲಿನ ಗುಹೆ, ಕೆಸರು ಉಗುಳುವ ಜ್ವಾಲಾಮುಖಿ ನೋಡಲು ಬೆಳಗಿನ ಜಾವ ಮೂರಕ್ಕೆ ಎದ್ದು ಹೊರಡಬೇಕು. ಜಿರ್ಕಾಟಾಂಗ್‌ನ ಗೇಟಿನಲ್ಲಿ ಗಾಡಿಗಳೆಲ್ಲ ಸಾಲು ನಿಂತು, ಪೊಲೀಸು ಬೆಂಗಾವಲಿನಲ್ಲಿ, ಜರವಾ ಬುಡಕಟ್ಟಿನವರ ಮೀಸಲು ಕಾಡಿನೊಳಗೆ ಹಾದು ಹೋಗಬೇಕು. ನಿಲ್ಲಿಸುವ ಹಾಗಿಲ್ಲ, ಫೋಟೋ ತೆಗೆಯುವ ಹಾಗಿಲ್ಲ, ತಿಂಡಿ ಕೊಡುವ ಹಾಗಿಲ್ಲ. ಇಷ್ಟನ್ನೂ ಗಂಭೀರವಾಗಿ ಹೇಳಿದ ಟ್ರಾವಲ್ಸಿನವನು ದನಿ ತಗ್ಗಿಸಿ, "ಲಕ್ ಇದ್ರೆ ಕಾಣಿಸ್ತಾರೆ ಮೇಡಂ" ಎಂದ. ಗುಹೆಯಲ್ಲ, ಕೆಸರಲ್ಲ, ಅವನು ಮಾರುತ್ತಿದ್ದುದು ಇದನ್ನು. ಬಂಡೀಪುರದ ಸಫಾರಿ ಜೀಪಿನವನು ಹುಲಿಯ ಬಗ್ಗೆ ಹೇಳುವಾಗ ದನಿ ತಗ್ಗಿಸುವುದೂ ಇಷ್ಟೇ ಪ್ರಮಾಣದಲ್ಲಿ. ಮೀಸಲು ಪ್ರದೇಶದೊಳಗಿನ ಆ ರಸ್ತೆಯನ್ನು ಮುಚ್ಚಿ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿತ್ತು. ರಸ್ತೆ ಇನ್ನೂ ಇದೆ. ಕೆಲವೇ ನೂರು ಮಂದಿ ಉಳಿದಿರುವ ಜನ ತಮ್ಮ ಅಂಗಳದಲ್ಲಿ ತಾವು ಓಡಾಡಿಕೊಂಡಿರುವಾಗ, ಚಿಪ್ಸು ಅಗಿಯುತ್ತ ಗಾಜಿನಾಚೆಯಿಂದ ಇಣುಕುವ ನಮ್ಮನ್ನು ನೋಡುವ ದುರದೃಷ್ಟ ಅವರದು. "ಗ್ಯಾರಂಟಿ ಕಾಣಿಸ್ತಾರಾ? ಇಲ್ಲಾಂದ್ರೆ ಮೂರು ಗಂಟೆಗೆ ಯಾಕೆ ಏಳೋದು?" ಎಂದು ಮೈದುನ ಗುಂಪಿನಲ್ಲಿ ಕೇಳಿದ. ನನಗೆ ನಗು ಬರಲಿಲ್ಲ. "ನಮ್ಮ ಮನೆ ಕಾಂಪೌಂಡಿನೊಳಗೆ ದಿನಕ್ಕೆ ನೂರು ಗಾಡಿ ಬಿಟ್ಟು, ನೀನು ಬನಿಯನ್ನಿನಲ್ಲಿ ಹಲ್ಲುಜ್ಜೋದನ್ನ ತೋರಿಸಿದ್ರೆ ಹೇಗಿರುತ್ತೆ?" ಎಂದು ಬರೆದೆ. ಬಾರಟಾಂಗ್ ರದ್ದಾಯಿತು. ಈ ಇಡೀ ಯೋಜನೆಯಲ್ಲಿ ನನ್ನ ಮಾತು ನಡೆದದ್ದು ಅದೊಂದೇ. ಅದೂ ಮೂರು ಗಂಟೆಗೆ ಏಳುವ ಕಷ್ಟದ ದೆಸೆಯಿಂದ ಎಂದು ನನ್ನ ಅನುಮಾನ.

ನಮ್ಮವರ ಕನಸು ಬೇರೆಯದು, ಸ್ಕೂಬಾ. ಈಜು ಬಾರದವರನ್ನೂ ತರಬೇತಾದವರೊಬ್ಬರು ಹಿಡಿದುಕೊಂಡು ನೀರಿಗಿಳಿಸಿ ಹವಳ ತೋರಿಸುತ್ತಾರೆ, ವಿಡಿಯೋ ಉಚಿತ. ನಮ್ಮವರು ಶಿವನಸಮುದ್ರದಲ್ಲಿ ಕಾಲು ತೊಳೆದದ್ದು ಬಿಟ್ಟರೆ ಜಲಸಾಹಸ ಮಾಡಿದವರಲ್ಲ. ಆದರೂ ರಾತ್ರಿ ಮಂಚದ ಮೇಲೆ ಕೂತು ಮೂಗು ಹಿಡಿದು ಬಾಯಲ್ಲಿ ಉಸಿರಾಡುವ ಅಭ್ಯಾಸ ಶುರು ಮಾಡಿದರು. ನಾನು ಎಲ್ಲೋ ಓದಿದ್ದನ್ನು ಹೇಳಿದೆ: ನೀರಿನೊಳಗೆ ಹೆಬ್ಬೆಟ್ಟು ಮೇಲೆತ್ತಿದರೆ 'ಸೂಪರ್' ಅಂತ ಅರ್ಥವಲ್ಲ, 'ನನ್ನನ್ನು ಮೇಲೆ ಕರೆದುಕೊಂಡು ಹೋಗಿ' ಅಂತ. ಎಲ್ಲ ಸರಿಯಿದೆ ಅನ್ನಬೇಕಾದರೆ ಹೆಬ್ಬೆಟ್ಟು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಅವರು ಗಾಬರಿಯಾದರು. ಕ್ಯಾಮೆರಾ ಕಂಡ ಕೂಡಲೇ ಹೆಬ್ಬೆಟ್ಟು ತಾನಾಗಿ ಏಳುವ ಚಾಳಿ ಅವರದು. ಮದುವೆಯ ಆಲ್ಬಮ್ಮಿನಲ್ಲಿ ತಾಳಿ ಕಟ್ಟುವ ಫೋಟೋ ಒಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲೂ ಎದ್ದಿದೆ. ನಾಲ್ಕೂವರೆ ಸಾವಿರ ಕೊಟ್ಟು ಒಳಗೆ ಹೋಗುವುದು, ಕ್ಯಾಮೆರಾ ನೋಡಿ ಹೆಬ್ಬೆಟ್ಟು ಎತ್ತುವುದು, ಅವರು ಮೇಲಕ್ಕೆ ತರುವುದು. ಈಗ ರಾತ್ರಿಯ ಅಭ್ಯಾಸ ಸೊನ್ನೆ ಮಾಡುವುದಕ್ಕೆ ಬದಲಾಗಿದೆ. ಎಟಿಎಂ ಚೀಟಿಯಲ್ಲೂ ಅದೇ ಆಕಾರ ಕಾಣಿಸಲಿದೆ ಎಂದು ನಾನು ಹೇಳಲಿಲ್ಲ.

ಮಗಳ ದುಃಖ ಎಲಿಫೆಂಟ್ ಬೀಚಿನದು. ಅಲ್ಲಿ ಆನೆ ಇಲ್ಲ ಎಂದು ತಿಳಿದಾಗಿನಿಂದ ಅವಳಿಗೆ ಪ್ರವಾಸವೇ ಬೇಡವಾಗಿದೆ. ಹ್ಯಾವ್‌ಲಾಕಿನಲ್ಲಿ ಸಮುದ್ರದಲ್ಲಿ ಈಜುತ್ತಿದ್ದ ರಾಜನ್ ಎಂಬ ಆನೆ ನಿಜವಾಗಿ ಇತ್ತು, 2016ರಲ್ಲಿ ತೀರಿಕೊಂಡಿತು. ಅದಕ್ಕಿಂತ ಹೆಚ್ಚು ವಿವರಿಸಲು ಹೋದರೆ ಅಳು ಶುರುವಾಗುತ್ತದೆ. ಮಗನಿಗೆ ಚಿಪ್ಪು, ಹವಳ ಆರಿಸಿ ತರುವ ಹುರುಪು. ಅದು ವನ್ಯಜೀವಿ ಕಾಯ್ದೆಗೆ ಬರುವ ವಸ್ತು, ವಿಮಾನ ನಿಲ್ದಾಣದಲ್ಲಿ ಬ್ಯಾಗು ಬಿಚ್ಚಿಸಿ ಕಿತ್ತುಕೊಳ್ಳುತ್ತಾರೆ ಎಂದು ತಿಳಿಹೇಳಿದೆ. "ಹಾಗಾದ್ರೆ ಅಲ್ಲಿಂದ ಏನು ತರಬಹುದು?" ಎಂದ. ಬಿಲ್ಲು ತರಬಹುದು ಕಂದ, ಎಷ್ಟು ಬೇಕಾದರೂ.

ಇನ್ನು ಸೂರ್ಯ. ಅಂಡಮಾನು ಬೆಂಗಳೂರಿಗಿಂತ ಹದಿನೈದು ಡಿಗ್ರಿ ರೇಖಾಂಶ ಪೂರ್ವಕ್ಕಿದೆ. ಹದಿನೈದು ಡಿಗ್ರಿ ಅಂದರೆ ಸರಿಯಾಗಿ ಒಂದು ಗಂಟೆ. ಆದರೆ ಗಡಿಯಾರ ಮಾತ್ರ ಇಬ್ಬರಿಗೂ ಒಂದೇ. ಹಾಗಾಗಿ ಡಿಸೆಂಬರಿನಲ್ಲಿ ಅಲ್ಲಿ ಬೆಳಿಗ್ಗೆ ಐದೂವರೆಯ ಹೊತ್ತಿಗೆ ಬೆಳಕು ಹರಿದು, ಸಂಜೆ ಐದರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ರಜೆಯೆಂದರೆ ಒಂಬತ್ತಕ್ಕೆ ಏಳುವುದು ಎಂದು ತಿಳಿದ ವಂಶ ನಮ್ಮದು. ಎದ್ದು, ಕಾಫಿ ಚೆನ್ನಾಗಿಲ್ಲ ಎಂದು ಅರ್ಧ ಗಂಟೆ ಚರ್ಚಿಸಿ, ಹತ್ತು ಜನ ಸರದಿಯಲ್ಲಿ ಸ್ನಾನ ಮುಗಿಸಿ ಹೊರಬೀಳುವ ಹೊತ್ತಿಗೆ ಹನ್ನೆರಡು. ಊಟವಾಗಿ ಒಂದು ನಿದ್ದೆ ತೆಗೆದು ಎದ್ದರೆ ದ್ವೀಪದಲ್ಲಿ ದೀಪ ಹಚ್ಚುವ ವೇಳೆ. ಹಿಮದ ನಾಡಿನವರು ಯಾವ ಬೇಗ ಕವಿಯುವ ಕತ್ತಲೆಯಿಂದ ಓಡುತ್ತಾರೋ ಅದನ್ನು ನಾವು ಕೊಂಡುಕೊಳ್ಳಲು ಹೋಗುತ್ತಿದ್ದೇವೆ.

ಚಂಡಮಾರುತದ ಮಾತನ್ನು ಯಾರೂ ಎತ್ತಲಿಲ್ಲ. ನಾನೇ ಎತ್ತಿದೆ. ಬಂಗಾಳ ಕೊಲ್ಲಿಗೆ ನವೆಂಬರು ಡಿಸೆಂಬರು ಅಂದರೆ ಗರ್ಭ ಕಟ್ಟುವ ಕಾಲ. 2016ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ಪ್ರವಾಸಿಗರು ಸಿಕ್ಕಿಬಿದ್ದು ನೌಕಾಪಡೆಯ ಹಡಗುಗಳು ಹೋಗಿ ಕರೆತರಬೇಕಾಯಿತು. ಇದನ್ನು ಕೇಳಿ ನಮ್ಮವರ ಮುಖ ಅರಳಿತು. "ಆ ಎಕ್ಸ್‌ಟ್ರಾ ದಿನಗಳು ಲೀವಿಗೆ ಲೆಕ್ಕ ಇರಲ್ಲ, ಅಲ್ವೇನೋ?" ಎಂದು ತಮ್ಮನನ್ನು ಕೇಳಿದರು. ತಮ್ಮ ಸುತ್ತೋಲೆ ನೋಡಿ ಹೇಳುತ್ತೇನೆ ಎಂದಿದ್ದಾನೆ.

ಸೆಲ್ಯುಲಾರ್ ಜೈಲಿಗೆ ಮಾತ್ರ ಎಲ್ಲರದೂ ಒಮ್ಮತ. ಮಧ್ಯದ ಗೋಪುರದಿಂದ ಏಳು ಕಡೆಗೆ ಚಾಚಿದ್ದ ಕಟ್ಟಡ, ಈಗ ಮೂರು ತೋಳು ಉಳಿದಿವೆ. ಎತ್ತಿನ ಬದಲು ಮನುಷ್ಯರನ್ನು ಗಾಣಕ್ಕೆ ಕಟ್ಟಿದ ಜಾಗ. ಒಂದು ತೋಳಿನ ಕೋಣೆಗಳ ಮುಂಭಾಗ ಇನ್ನೊಂದು ತೋಳಿನ ಬೆನ್ನಿಗೆ ಬರುವಂತೆ, ಒಬ್ಬ ಕೈದಿಯ ಮುಖ ಇನ್ನೊಬ್ಬನಿಗೆ ಕಾಣದಂತೆ ಕಟ್ಟಿದ್ದರು. ಅಷ್ಟೊಂದು ಇಟ್ಟಿಗೆ ಖರ್ಚು ಮಾಡಬೇಕಾಗಿತ್ತು ಆಗ. ಇದನ್ನೆಲ್ಲ ನಾನು ವಿವರಿಸುವಾಗ ನಮ್ಮ ನಡುಮನೆಯ ಸೋಫಾದಲ್ಲಿ ಸಾಲಾಗಿ ಏಳು ಮಂದಿ ಕೂತಿದ್ದರು. ಏಳು ಮುಖಗಳೂ ಏಳು ಫೋನಿನೊಳಗಿದ್ದವು. ಓರಗಿತ್ತಿ ತಲೆಯೆತ್ತದೆ, "ಅಲ್ಲಿ ಯಾವ ಬಣ್ಣದ ಸೀರೆ ಉಟ್ರೆ ಫೋಟೋ ಚೆನ್ನಾಗಿ ಬರುತ್ತೆ ಅಕ್ಕಾ?" ಎಂದಳು.

ಕೊನೆಯದಾಗಿ ರೂಮು. ಟ್ರಾವಲ್ಸಿನವನು ಮೂರು ದರ ಕಳಿಸಿದ್ದ. ಗೋಡೆ ಕಾಣುವ ರೂಮು, ತೆಂಗಿನ ತೋಟ ಕಾಣುವ ರೂಮು, ಸಮುದ್ರ ಕಾಣುವ ರೂಮು. ತೆಂಗಿನ ತೋಟಕ್ಕೆ ರಾತ್ರಿಯೊಂದಕ್ಕೆ ಎರಡು ಸಾವಿರ ಜಾಸ್ತಿ, ಎರಡು ಮರದ ನಡುವೆ ಕಟ್ಟಿದ ಬಲೆಯ ಉಯ್ಯಾಲೆಯೂ ಸೇರಿ. ಇದನ್ನು ನಾನು ಗಟ್ಟಿಯಾಗಿ ಓದಿದಾಗ ಮಾವನವರು ಕನ್ನಡಕ ತೆಗೆದರು.

"ತೆಂಗಿನಮರ ನೋಡೋಕೆ ದುಡ್ಡಾ?"

ಊರಲ್ಲಿ ಅವರದು ನಾಲ್ಕು ಎಕರೆ ತೆಂಗು. ತಿಪಟೂರು ಸೀಮೆಯ ಕೊಬ್ಬರಿ ಹೆಸರಾದದ್ದೇ, ಆದರೆ ನೋಡಿಕೊಳ್ಳುವವರಿಲ್ಲ. ಅಟ್ಟದಲ್ಲಿ ಕಾಯಿ ಒಣಗುವುದಕ್ಕಿಂತ ಮೊದಲೇ ತೋಟದಲ್ಲಿ ಉದುರಿ ಮೊಳಕೆ ಬರುತ್ತಿದೆ. ಇಬ್ಬರು ಮಕ್ಕಳೂ ಅತ್ತ ತಲೆ ಹಾಕಿ ವರ್ಷಗಳಾದವು. ಮೊಮ್ಮಕ್ಕಳಿಗೆ ಆ ತೋಟ ಮೊಬೈಲಿನಲ್ಲಿ ಒಂದು ಫೋಟೋ.

ಅವತ್ತು ರಾತ್ರಿ ಒಂಬತ್ತೂವರೆಗೆ ಮೈದುನನ ಫೋನು ಬಂತು. ಎಲ್‌ಟಿಸಿ ಅರ್ಜಿ ತುಂಬುತ್ತಿದ್ದಾನೆ. ನಮ್ಮವರು ಸ್ಪೀಕರಿಗೆ ಹಾಕಿದರು.

"ಅಪ್ಪಾ, ಇಲ್ಲಿ 'ಸ್ವಂತ ಊರು' ಅಂತ ಕೇಳಿದೆ. ನಮ್ಮೂರಿನ ಹೋಬಳಿ ಯಾವುದು? ಪಿನ್‌ಕೋಡು ಎಷ್ಟು?"

ಮಾವನವರು ಹೋಬಳಿ ಹೇಳಿದರು, ಅಂಚೆ ಹೇಳಿದರು, ಆರು ಅಂಕಿಯನ್ನೂ ಒಂದೇ ಉಸಿರಿಗೆ ಹೇಳಿದರು. ಹಾಜರಿ ಕರೆಯುವ ಹಾಗಿತ್ತು ದನಿ. ಅತ್ತ ಕಡೆ ಕೀಲಿಮಣೆಯ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಅವನು "ಆಯ್ತಪ್ಪ, ಅಂಡಮಾನ್ ಅಂತ ಕನ್ವರ್ಟ್ ಆಯ್ತು" ಎಂದ.

"ಒಳ್ಳೇದು," ಎಂದರು ಮಾವನವರು. ಆಮೇಲೆ ಫೋನಿನ ಹತ್ತಿರಕ್ಕೆ ಬಾಗಿ, "ಆ ಟ್ರಾವಲ್ಸಿನವನ್ನ ಒಂದು ಮಾತು ಕೇಳು. ಅಲ್ಲಿ ಮರ ಹತ್ತೋಕೆ ಆಳು ಸಿಗ್ತಾರಂತಾ? ಸಿಕ್ಕಿದ್ರೆ ವಾಪಸ್ ಬರೋವಾಗ ಇಬ್ಬರಿಗೆ ಟಿಕೆಟ್ ಮಾಡಿಸು. ಅದನ್ನ ಬೇಕಾದ್ರೆ ನಾನೇ ಕೊಡ್ತೀನಿ."